ಇಂಗ್ಲಿಷ್ ಈಡಿಯಮ್ಸ್ ಮಾತಿನ್ಯಾಗ ತರೋದು ಹ್ಯಾಂಗ

ನಮ್ಮ ಕಲಬುರಗಿ ಕಡಿ ಭಾಳ ಮಂದಿ ಹುಡುಗ್ರು ಎಸ್‌ಎಸ್‌ಸಿ, ಬ್ಯಾಂಕ್ ಎಕ್ಸಾಮ್ ಸಲುವಾಗಿ ಈಡಿಯಮ್ಸ್ (ನುಡಿಗಟ್ಟು) ಲಿಸ್ಟ್ ಹಿಡ್ಕೊಂಡು ಬಾಯಿಪಾಠ ಮಾಡ್ತಾರ, ನಾಕು ಆಪ್ಶನ್‌ನಾಗ ಒಂದು ಟಿಕ್ ಮಾಡ್ಲಿಕ್ಕೆ ಅಷ್ಟು ಸಾಕು ಖರೆ, ಆದ್ರ ಇಂಟರ್‌ವ್ಯೂದಾಗ ಕುಂತಾಗ ಇಲ್ಲಾ ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿಯಾಗ ಬ್ಯಾರೆ ರಾಜ್ಯದ ಗೆಳೆಯರ ಜೋಡಿ ಮಾತಾಡುವಾಗ ಆ ಲಿಸ್ಟಿನಾಗಿಂದ ಒಂದೂ ಬಾಯಿಗೆ ಬರಂಗಿಲ್ಲ. ಅರ್ಥ ಗೊತ್ತಿರ್ತದ, ಆದ್ರ ಯಾರ ಮುಂದ, ಯಾವಾಗ, ಎಷ್ಟು ದೊಡ್ಡ ವಿಷಯಕ್ಕ ಅದನ್ನ ಅಂತಾರ ಅನ್ನೋದು ಗೊತ್ತಿರಂಗಿಲ್ಲ. ಕಲಿಯೋದು ಅಲ್ಲಿಂದನ ಶುರು ಮಾಡ್ಬೇಕು ಅಂತ ನಾ ಹೇಳ್ತೀನಿ.

ಅಂಡರ್ ದ ವೆದರ್ ತಗೊಳ್ರಿ. ವೆದರ್ ಅಂದ ಕೂಡ್ಲೆ ನಮಗ ಮೇ ತಿಂಗಳ ಬಿಸಿಲೇ ನೆನಪಾಗ್ತದ, ಆದ್ರ ಇದಕ್ಕೂ ಬಿಸಿಲಿಗೂ ಸಂಬಂಧ ಇಲ್ಲ, ಆರಾಮಿಲ್ಲ ಅಂತ ಅರ್ಥ. ಇಷ್ಟು ಎಲ್ಲಾ ಲಿಸ್ಟಿನಾಗೂ ಇರ್ತದ. ಲಿಸ್ಟಿನಾಗ ಇರದೇ ಇರೋದು ಏನಂದ್ರ, ನೆಗಡಿ, ತಲಿನೋವು, ಸಣ್ಣ ಜ್ವರ ಇಂಥಾದ್ದಕ್ಕ ಮಾತ್ರ ಇದನ್ನ ಅಂತಾರ, ಐಸಿಯುದಾಗ ಇರೋ ಮನುಷ್ಯಾನ ಬಗ್ಗೆ ಹಿಂಗ ಅಂದ್ರ ಅವನ ನೋವು ಹಗುರ ಮಾಡಿದಂಗ ಆಗ್ತದ. ಮತ್ತ ಇದು ಸಾಮಾನ್ಯವಾಗಿ ಆಮ್, ಈಸ್ ಇಲ್ಲಾ ಫೀಲಿಂಗ್ ಜೋಡಿ ಬರ್ತದ, ನಡುವ ಎ ಬಿಟ್ ಹಾಕ್ತಾರ: ಐ ಆಮ್ ಫೀಲಿಂಗ್ ಎ ಬಿಟ್ ಅಂಡರ್ ದ ವೆದರ್ ಟುಡೇ. ಟೀಮ್ ಲೀಡರ್‌ಗೆ ಮೆಸೇಜ್ ಹಾಕುವಾಗ ನಡೀತದ, ಮೆಡಿಕಲ್ ಲೀವ್ ಅರ್ಜಿನಾಗ ಬ್ಯಾಡ, ಅಲ್ಲಿ ಏನಾಗ್ಯದ ಅಂತ ನೇರ ಬರೀರಿ. ಒಂದೊಂದು ಈಡಿಯಮ್ಮೂ ಇಷ್ಟು ಹತ್ರದಿಂದ ನೋಡಿದ್ರ ವಾರಕ್ಕ ಮೂರೋ ನಾಕೋ ಆಗ್ತಾವ, ಸಾಕು, ಅವು ಮರೆಯಂಗಿಲ್ಲ.

ಕನ್ನಡದಿಂದ ಸೀದಾ ಎತ್ತಿ ಇಂಗ್ಲಿಷಿಗೆ ಹಾಕುವಾಗ ಭಾಳ ಹುಷಾರ್ ಇರ್ರಿ. ಕೆಲವು ಪುಣ್ಯಕ್ಕ ಹೊಂದ್ತಾವ, ಒಂದೇ ಕಲ್ಲಿಗೆ ಎರಡು ಹಕ್ಕಿ ಅಲ್ಲೂ ಅದ, ಉರಿಯೋ ಬೆಂಕಿಗೆ ತುಪ್ಪ ಅಂದ್ರ ಅಲ್ಲಿ ಆ್ಯಡ್ ಫ್ಯೂಯೆಲ್ ಟು ದ ಫೈರ್. ಆದ್ರ ಗೆಳೆಯ ಕೈ ಕೊಟ್ಟ ಅಂದ್ರ ನಮ್ಮಲ್ಲಿ ಮೋಸ ಮಾಡಿದ, ನಡುವ ಬಿಟ್ಟು ಹೋದ, ಇಂಗ್ಲಿಷ್‌ನಾಗ ಹೀ ಗೇವ್ ಮಿ ಎ ಹ್ಯಾಂಡ್ ಅಂದ್ರ ಸಹಾಯ ಮಾಡಿದ ಅಂತ, ಪೂರಾ ಉಲ್ಟಾ! ಕಾಲೆಳೆಯೋದೂ ಹಂಗ, ಆರ್ ಯು ಪುಲ್ಲಿಂಗ್ ಮೈ ಲೆಗ್ ಅಂದ್ರ ತಮಾಷಿಗೆ ಸುಳ್ಳು ಹೇಳ್ಲತ್ತೀಯೇನು ಅಂತ ಅಷ್ಟೇ, ಮುಂದ ಬರೋರನ್ನ ಹೊಟ್ಟೆಕಿಚ್ಚಿಲೆ ಕೆಳಗ ಎಳೆಯೋ ಅರ್ಥ ಅಲ್ಲಿಲ್ಲ. ಡೋಂಟ್ ಈಟ್ ಮೈ ಹೆಡ್ ಅಂತೂ ನಮ್ಮ ದೇಶದಾಗ ನಡೀತದ, ಲಂಡನ್‌ನಾಗಿನ ಮನುಷ್ಯಾಗ ತಿಳಿಯೋದು ಕಷ್ಟ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ರ ಕ್ರಿಕೆಟ್‌ನಿಂದ ಮಾಡ್ರಿ, ನೂತನ ವಿದ್ಯಾಲಯ ಗ್ರೌಂಡ್‌ನಾಗ ಆಡೋ ಹುಡುಗ್ರಿಗೂ ಅದು ಗೊತ್ತಿರೋ ವಿಷಯ ಅದ. ಮೊದಲ ಪಿಚ್‌ಗೆ ಕವರ್ ಹಾಕ್ತಿರ್ಲಿಲ್ಲ, ಮಳಿ ಬಂದು ತೊಯ್ದ ಪಿಚ್ ಬಿಸಿಲಿಗೆ ಒಣಗ್ಲತ್ತಾಗ ಬಾಲ್ ಎತ್ತ ತಿರುಗ್ತದ ಎಷ್ಟು ಎತ್ತರ ಏಳ್ತದ ಬ್ಯಾಟ್ಸ್‌ಮನ್‌ಗೆ ತಿಳೀತಿರ್ಲಿಲ್ಲ, ಅದರಿಂದನ ಕಷ್ಟದ ಪರಿಸ್ಥಿತಿಗೆ ಸ್ಟಿಕಿ ವಿಕೆಟ್ ಅಂತಾರ. ಯಾರೂ ಹೇಳದೆ ತಾನಾಗೇ ಒಂದು ಕೆಲಸ ಮಾಡಿದ್ರ ಆಫ್ ಹಿಸ್ ಓನ್ ಬ್ಯಾಟ್. ಹಿಂಗ ಹುಟ್ಟಿದ ಕಥಿ ಗೊತ್ತಾದ್ರ ಮಾತು ತಲ್ಯಾಗ ಕುಂದರ್ತದ. ಅಮೆರಿಕಾದ ಕ್ಲೈಂಟ್ ಜೋಡಿ ಕಾಲ್ ಇದ್ರ ಮಾತ್ರ ಸ್ಟಿಕಿ ವಿಕೆಟ್ ಬಿಡ್ರಿ, ಅವ್ರದು ಬೇಸ್‌ಬಾಲ್: ಅಂದಾಜು ಲೆಕ್ಕಕ್ಕ ಬಾಲ್‌ಪಾರ್ಕ್ ಫಿಗರ್, ಸಣ್ಣಗೊಮ್ಮೆ ಮಾತಾಡೋಣ ಅನ್ಲಿಕ್ಕೆ ಲೆಟ್ಸ್ ಟಚ್ ಬೇಸ್.

ಈಡಿಯಮ್ ಒಳಗಿನ ಪದ ಬದಲಿ ಮಾಡ್ಲಿಕ್ಕೆ ಹೋಗ್ಬ್ಯಾಡ್ರಿ. ಮದುವಿಗೆ ತಂದ ಸೀರಿ ಭಾಳ ತುಟ್ಟಿ ಬಿತ್ತು ಅನ್ಲಿಕ್ಕೆ ಇಟ್ ಕಾಸ್ಟ್ ಮಿ ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್, ಇದನ್ನ ಎ ಲೆಗ್ ಆ್ಯಂಡ್ ಆ್ಯನ್ ಆರ್ಮ್ ಅಂದ್ರ ಕೆಟ್ಟು ಹೋಯ್ತು. ಬದಲಾಗೋದು ಮಿ ಇದ್ದಲ್ಲಿ ಹಿಮ್, ದೆಮ್ ಬರೋದು, ಕ್ರಿಯಾಪದದ ಕಾಲ ಬದಲಾಗೋದು, ಅಷ್ಟೇ.

ಹೊಸದು ಸಿಕ್ಕಾಗ ಫೋನ್‌ನಾಗ ಕೇಂಬ್ರಿಜ್ ಇಲ್ಲಾ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ತೆಗೀರಿ, ಅರ್ಥದ ಬಾಜೂಕ ಇನ್‌ಫಾರ್ಮಲ್, ಓಲ್ಡ್ ಫ್ಯಾಷನ್ಡ್ ಅಂತ ಸಣ್ಣ ಲೇಬಲ್ ಇದ್ರ ಅದನ್ನ ಓದದೆ ಮುಂದ ಹೋಗ್ಬ್ಯಾಡ್ರಿ. ಎಲ್ಲಾ ಪುಸ್ತಕದಾಗ ಇರೋ ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್ ಈಗ ಹಳೇ ಮಾತು, ಇಟ್ಸ್ ಪೋರಿಂಗ್ ಅಂದ್ರ ಸಾಕು. ಕಿಕ್ ದ ಬಕೆಟ್ ಅಂದ್ರ ಸಾಯೋದು ಅಂತ ಕಲಿಸ್ತಾರ, ಆದ್ರ ಅದು ಗೊಟಕ್ ಅಂದ ಅಂತೀವಲ್ಲ ಆ ಧಾಟಿ, ಯಾರದೋ ಮನ್ಯಾಗ ಸಾವಾದಾಗ ಗ್ರೂಪ್‌ನಾಗ ಹಾಕಿದ್ರ ಆ ಮನಿಯವ್ರ ಮನಸ್ಸಿಗೆ ಎಷ್ಟು ನೋವಾಗ್ತದ ವಿಚಾರ ಮಾಡ್ರಿ. ಅಲ್ಲಿ ಪಾಸ್ಡ್ ಅವೇ ಅಂತ ಬರೀಬೇಕು.

ಆಮ್ಯಾಲೆ ನಿಮ್ಮ ದಿನದ ಒಂದು ಘಟನಾಕ್ಕ ಅದನ್ನ ಹಚ್ಚಿ ಒಂದು ವಾಕ್ಯ ಬರೀರಿ, ಜೋರಾಗಿ ಓದ್ರಿ. ಸಂಜಿಕೆ ಲೈಬ್ರರಿಯಿಂದ ಏಳುವಾಗ ಗೆಳೆಯಾಗ ಲೆಟ್ಸ್ ಕಾಲ್ ಇಟ್ ಎ ಡೇ ಅನ್ರಿ, ಇವತ್ತಿಗೆ ಸಾಕು ಅಂತ. ಮಾತಿಗೊಂದು ಈಡಿಯಮ್ ತುರುಕಬ್ಯಾಡ್ರಿ, ಇಂಟರ್‌ವ್ಯೂ ಪೂರ್ತಿಗೆ ಒಂದು ಬಂದ್ರ ಚಂದ, ಬರ್ಲಿಲ್ಲಂದ್ರೂ ಏನೂ ಕಡಿಮಿ ಆಗಂಗಿಲ್ಲ. ಎದುರಿನವ್ರು ಗೊತ್ತಿಲ್ಲದ್ದು ಅಂದ್ರ ತಲಿ ಅಲ್ಲಾಡಿಸಿ ಸುಮ್ಮನ ಕುಂದರಬ್ಯಾಡ್ರಿ, ಸಾರಿ, ವಾಟ್ ಡಸ್ ದ್ಯಾಟ್ ಮೀನ್ ಅಂತ ಕೇಳ್ರಿ, ಯಾರೂ ತಪ್ಪು ತಿಳ್ಕೊಳ್ಳಂಗಿಲ್ಲ.