ಅಕ್ಕಿ ಹಿಟ್ಟಿನ ಮೇಲೆ ಕೂತು ಸೀಟು ಆರಿಸಿದ್ದು

ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ತಿರುಗುವಷ್ಟರಲ್ಲಿ ನಾನು ಪೆಡಲ್ ಮೇಲೆ ಎದ್ದು ನಿಂತುಬಿಟ್ಟಿದ್ದೆ. ಅಲ್ಲೇನೂ ಏರಿರಲಿಲ್ಲ. ಕೂರೋಕೆ ಆಗ್ತಿರಲಿಲ್ಲ, ಅಷ್ಟೇ. ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮೇಲಿದ್ದ ಹುಡುಗ ನನ್ನನ್ನೇ ನೋಡುತ್ತಿದ್ದ. ಯಾಕೆ ಈ ವಯಸ್ಸಲ್ಲಿ ನಿಂತು ತುಳೀತಾ ಇದ್ದಾರೆ ಅಂದುಕೊಂಡಿರಬೇಕು.

ನಲವತ್ತಾರನೇ ವಯಸ್ಸಿನಲ್ಲಿ ಸೈಕಲ್ ಶುರು ಮಾಡಿದವನು ನಾನು. ಮೈಸೂರಿನಲ್ಲಿ ಮನೆಯಿಂದ ಕೆಲಸಕ್ಕೆ ದಿನಾ ಹೋಗಿ ಬರುವುದು 18 ಕಿಲೋಮೀಟರ್. ತಿಂಗಳಿಗೆ ಎರಡು ಭಾನುವಾರ ಪಾಂಡವಪುರದ ಹತ್ತಿರದ ನಮ್ಮೂರಿಗೆ, ಒಂದು ಕಡೆಗೆ ಸುಮಾರು 30. 2023ರ ಆಗಸ್ಟಿನಿಂದ ಬೆಂಗಳೂರು ಹೈವೇಯ ಮುಖ್ಯ ರಸ್ತೆಗೆ ಸೈಕಲ್ ಬಿಡಲ್ಲ. ಹಾಗಾಗಿ ಸರ್ವೀಸ್ ರೋಡು, ಅದರ ಗುಂಡಿ, ಅದರ ಹಂಪು, ಎಲ್ಲವೂ ನನ್ನ ಪಾಲಿಗೆ. 18 ಕಿಲೋಮೀಟರನ್ನು ಯಾವ ಸೀಟಾದರೂ ತಡೆದುಕೊಳ್ಳುತ್ತದೆ. 30 ಆದಾಗ ಗುಟ್ಟು ರಟ್ಟಾಗುತ್ತದೆ.

ಸೈಕಲ್ ಜೊತೆಗೆ ಬಂದಿದ್ದು ಫೋಮ್ ಸೀಟು. ನೋವು ಅಂದಾಗ ಎಲ್ಲರೂ ಹೇಳಿದ್ದು ಒಂದೇ: "ಇನ್ನೂ ಮೆತ್ತಗಿರೋದು ಹಾಕ್ಸಿ." ಜೆಲ್ ತುಂಬಿದ ಕವರ್ ತಂದು ಹಾಕಿದೆ. ಮೊದಲ ಐದು ಕಿಲೋಮೀಟರ್ ದಿವಾನದ ಮೇಲೆ ಕೂತ ಹಾಗೆ. ಹದಿನೈದಕ್ಕೆ ಜೋಮು. ಮನೆಗೆ ಬಂದು ಇಳಿದರೆ ಮುಂದುಗಡೆ ಸ್ಪರ್ಶವೇ ಇಲ್ಲ. ಇದನ್ನ ಯಾರ ಹತ್ತಿರ ಹೇಳ್ಕೊಳ್ಳೋದು?

ಇದು ಯಾಕೆ ಹೀಗೆ ಅಂತ ಅರ್ಥವಾಗಿದ್ದು ಊಟದ ತಟ್ಟೆಯಲ್ಲಿ. ಬಿಸಿ ರಾಗಿಮುದ್ದೆಗೆ ಎರಡು ಹೆಬ್ಬೆರಳು ಒತ್ತಿ ನೋಡಿ. ಬೆರಳು ಒಳಗಿಳಿಯುತ್ತೆ, ನಡುವಿನ ಮುದ್ದೆ ಮೇಲಕ್ಕೆ ಉಬ್ಬುತ್ತೆ. ನಾವು ಕೂರುವುದು ಸೊಂಟದ ಕೆಳಗಿನ ಎರಡು ಮೂಳೆಗಳ ಮೇಲೆ. ಅವು ಮೆತ್ತನೆಯ ಸೀಟಿನಲ್ಲಿ ಹೂತುಹೋದರೆ ನಡುವಿನ ಫೋಮು ಎದ್ದು, ನರ ಮತ್ತು ರಕ್ತನಾಳ ಇರುವ ಜಾಗವನ್ನೇ ಒತ್ತುತ್ತೆ. ಜೋಮು ಬರುವುದು ಅಲ್ಲಿಂದ. ಮೂಳೆಯ ಭಾರ ಹೊರುವುದಕ್ಕೆ ಮೆತ್ತಗಿನದಕ್ಕಿಂತ ಬಿಗಿಯಾದದ್ದೇ ವಾಸಿ. ಆದರೆ ಅದು ಸರಿಯಾದ ಜಾಗದಲ್ಲಿ ಬಿಗಿಯಾಗಿರಬೇಕು.

ಊರಲ್ಲಿ ಅಪ್ಪನ ಹಳೇ ಸೈಕಲ್ ಕೊಟ್ಟಿಗೆಗೆ ಒರಗಿಕೊಂಡಿರುತ್ತೆ. ದಿನಾ ಡೈರಿಗೆ ಹಾಲು ಹಾಕೋಕೆ ಹೋಗುವುದು ಅದರಲ್ಲೇ. ಕಪ್ಪು ಚರ್ಮದ ಸೀಟು, ಹಿಂದೆ ಎರಡು ದಪ್ಪ ಸ್ಪ್ರಿಂಗು. ಅವತ್ತು ಹತ್ತಿರ ಹೋಗಿ ಬಗ್ಗಿ ನೋಡಿದೆ. ಒಳಗೆ ಫೋಮೂ ಇಲ್ಲ, ಹಲಗೆಯೂ ಇಲ್ಲ. ದಪ್ಪ ತೊಗಲನ್ನು ಮುಂದಿನ ಮೂತಿಗೂ ಹಿಂದಿನ ಕಬ್ಬಿಣದ ಬಿಲ್ಲಿಗೂ ಎಳೆದು ರಿವೆಟ್ ಹೊಡೆದಿದ್ದಾರೆ. ಕೆಳಗೆ ಬರೀ ಗಾಳಿ. ಒಂದು ರೀತಿ ಜೋಲಿ ಅನ್ನಿ. ಮೇಲೆ ಕೈಯಾಡಿಸಿದರೆ ಎರಡು ಕಡೆ ಸಣ್ಣ ಬಟ್ಟಲಿನ ಹಾಗೆ ತಗ್ಗು. ಮೂವತ್ತು ವರ್ಷದ ಸವೆತಕ್ಕೆ ಕನ್ನಡಿ ಥರ ಹೊಳಪು. ಹತ್ತಿ ಕಾಲುವೆ ಏರಿ ಮೇಲೆ ಒಂದು ಸುತ್ತು ಹೋಗಿ ಬಂದೆ. ನೋವೇ ಇಲ್ಲ!

ಸೀಟು ಬಿಚ್ಚಿಕೊಳ್ಳಲಾ ಅಂತ ಕೇಳಿದೆ. ಅಪ್ಪ ನಕ್ಕರು. "ಅದು ನನ್ ಕುಂಡಿಗೆ ಕುಂತಿರೋ ಸೀಟು ಕಣ್ಲಾ. ನಿಂಗೆ ಆದದಾ?"

ಆದರೂ ಬಿಚ್ಚಿ ಮೈಸೂರಿಗೆ ತಂದು ಮಂಡಿ ಮೊಹಲ್ಲಾದ ಹಳೇ ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟೆ. ಆ ಕಾಲದ ಸೀಟ್ ಪಿಲ್ಲರ್, ಅಂದರೆ ಸೀಟು ಹೊರುವ ಕೊಳವೆ, ನನ್ನ ಸೈಕಲ್ಲಿನದಕ್ಕಿಂತ ತೆಳು. ಅದಕ್ಕೆ ತಗಡಿನ ಪಟ್ಟಿ ಸುತ್ತಿ ಕೂರಿಸಿದರು. ಕೂರಿಸುತ್ತಲೇ ಅಂಗಡಿಯವರು ಹೇಳಿದರು: "ಸಾರ್, ಇದು ನೆಟ್ಟಗೆ ಕೂತು ತುಳಿಯೋ ಗಾಡಿ ಸೀಟು. ನಿಮ್ದು ಬಗ್ಗಿ ತುಳಿಯೋ ಗಾಡಿ. ತೊಡೆ ಉಜ್ಜುತ್ತೆ ನೋಡಿ." ನಾನು ತಲೆಯಾಡಿಸಿದೆ, ಕೇಳಿಸಿಕೊಳ್ಳಲಿಲ್ಲ. ಎರಡೇ ದಿನದಲ್ಲಿ ಎರಡೂ ತೊಡೆಯ ಒಳಗಡೆ ಕೆಂಪು. ಜೋರಾಗಿ ತುಳಿದರೆ ಸ್ಪ್ರಿಂಗು ಕುಣಿಯುತ್ತೆ, ಅರ್ಧ ಶಕ್ತಿ ಅದಕ್ಕೇ ಹೋಗುತ್ತೆ.

ಅಲ್ಲಿಗೆ ಬಿಡಬೇಕಿತ್ತು. ತೊಗಲು ಗಟ್ಟಿಯಾಗಿದೆ, ಅದಕ್ಕೇ ಉಜ್ಜುತ್ತೆ ಅಂತ ನನ್ನದೇ ಲೆಕ್ಕ. ಹೊಸ ಎಕ್ಕಡಕ್ಕೆ ಹರಳೆಣ್ಣೆ ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೆನಲ್ಲ, ಸೀಟಿಗೂ ಹಚ್ಚಿದೆ. ಮೇಲೆ ಕೆಳಗೆ ಎರಡೂ ಕಡೆ, ಕುಡಿಯುವಷ್ಟು. ಆಮೇಲೆ ಬಿಸಿಲಿಗೆ ಬೇರೆ ಇಟ್ಟೆ. ಒಂದು ವಾರದಲ್ಲಿ ಅಪ್ಪನ ಸೀಟು ಒಗೆದ ಟವಲ್ ಥರ ಜೋತುಬಿತ್ತು. ನಡುವೆ ಕೂತರೆ ಕೆಳಗಿನ ಕಬ್ಬಿಣ ತಾಗುತ್ತೆ. ಚಪ್ಪಲಿ ಮೆತ್ತಗಾದರೆ ಸುಖ. ಸೀಟಿನ ಚರ್ಮ ನಿಂತಿರುವುದೇ ಬಿಗಿಯ ಮೇಲೆ, ಅದು ಮೆತ್ತಗಾದರೆ ಮುಗೀತು. ಸೀಟನ್ನು ಊರಿಗೆ ವಾಪಸ್ ತೆಗೆದುಕೊಂಡು ಹೋದ ದಿನ ಅಪ್ಪ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಬುದ್ಧಿ ಬಂತು, ಅಳತೆ ಶುರು ಮಾಡಿದೆ. ಮೊದಲ ಪ್ರಯತ್ನ ಅಕ್ಕಿ ಹಿಟ್ಟು. ಮಣೆ ಮೇಲೆ ಒಂದು ಬೆರಳು ದಪ್ಪ ಹರಡಿ, ಹಳೇ ಪಂಚೆ ಹಾಸಿ ಕೂತೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಆ ಹಿಟ್ಟು ಮಾತ್ರ ವಾಪಸ್ ಡಬ್ಬಕ್ಕೆ ಹಾಕ್ಬೇಡಿ" ಅಂದು ಒಳಗೆ ಹೋದಳು. ಹಿಟ್ಟಿನಲ್ಲಿ ಎರಡು ಹಳ್ಳ ಬಂತು, ಆದರೆ ಏಳುವಾಗ ಅಂಚು ಕುಸಿದುಹೋಯಿತು. ಎರಡನೇ ಸಲ ರಟ್ಟು. ಒಳಗೆ ಅಲೆ ಅಲೆ ಇರುತ್ತಲ್ಲ, ಆ ಪಾರ್ಸೆಲ್ ಡಬ್ಬದ ರಟ್ಟು. ಅದನ್ನು ಮನೆ ಮುಂದಿನ ಕಲ್ಲಿನ ಮೆಟ್ಟಿಲ ಮೇಲಿಟ್ಟು, ತೆಳು ಚಡ್ಡಿಯಲ್ಲಿ ಕೂತೆ. ಹಿಮ್ಮಡಿ ಎತ್ತಿ, ಸೈಕಲ್ ಮೇಲೆ ಎಷ್ಟು ಬಗ್ಗುತ್ತೇನೋ ಅಷ್ಟೇ ಬಗ್ಗಿ, ಅರ್ಧ ನಿಮಿಷ. ಎದ್ದ ಮೇಲೆ ಸೀಮೆಸುಣ್ಣವನ್ನು ಅಡ್ಡಕ್ಕೆ ಹಿಡಿದು ರಟ್ಟಿನ ಮೇಲೆ ಹಗುರಾಗಿ ಉಜ್ಜಿದರೆ ತಗ್ಗು ಎರಡೂ ಎದ್ದು ಕಾಣುತ್ತೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ನನ್ನದು 122 ಮಿಲಿಮೀಟರ್.

ನೆಟ್ಟಗೆ ಕೂತು ಇನ್ನೊಂದು ರಟ್ಟಿನಲ್ಲಿ ಅಳೆದೆ. ಗುರುತು ಜಾಸ್ತಿ ಅಗಲ ಬಂತು. ರಿಪೇರಿ ಅಂಗಡಿಯವರ ಮಾತು ಆಗ ತಲೆಗೆ ಹೋಯಿತು. ಬಗ್ಗಿದ ಹಾಗೆಲ್ಲ ಸೊಂಟ ಮುಂದಕ್ಕೆ ಮಗುಚುತ್ತೆ, ಎರಡು ಮೂಳೆಗಳ ಅಂತರ ಕಿರಿದಾಗುವ ಕಡೆ ಭಾರ ಬೀಳುತ್ತೆ. ಅಪ್ಪನ ಥರ ಕೋಲು ನುಂಗಿದ ಹಾಗೆ ಕೂರುವವರಿಗೆ ಅಗಲದ ಸೀಟು, ಸ್ಪ್ರಿಂಗು ಎರಡೂ ಬೇಕು, ಯಾಕಂದರೆ ಭಾರವೆಲ್ಲ ಸೀಟಿನ ಮೇಲೇ. ನನ್ನ ಥರ ಅರ್ಧ ಬಗ್ಗುವವರ ಭಾರವನ್ನು ಕೈ, ಕಾಲು ಸ್ವಲ್ಪ ಹಂಚಿಕೊಳ್ಳುತ್ತವೆ. ಅವರಿಗೆ ಕಿರಿದಾದದ್ದು, ಸ್ಪ್ರಿಂಗ್ ಇಲ್ಲದ್ದು ಸಾಕು. ಸೀಟು ಆರಿಸುವ ಮುಂಚೆ ನೋಡಬೇಕಾದ್ದು ಹ್ಯಾಂಡಲ್ಲನ್ನು. ಅದು ಸೀಟಿಗಿಂತ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ?

ಚರ್ಮದ ಸೀಟಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಡಬ್ಬದ ಮೇಲೆ ಬರೆದಿರುವ ಅಗಲವೆಲ್ಲ ಕೂರುವ ಅಗಲ ಅಲ್ಲ. ಹಿಂದಿನ ಅಂಚಿನಲ್ಲಿ ಚರ್ಮದ ಕೆಳಗೆ ಕಬ್ಬಿಣದ ಬಿಲ್ಲು ಇರುತ್ತೆ, ಮೇಲೆ ರಿವೆಟ್ಟು. ಮೂಳೆ ಅದರ ಮೇಲೆ ಕೂತರೆ ಎಷ್ಟು ಸಾವಿರ ಕಿಲೋಮೀಟರ್ ಓಡಿಸಿದರೂ ಪಳಗಲ್ಲ, ಕಬ್ಬಿಣ ಪಳಗುತ್ತಾ? ನಾನು ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಬಿಟ್ಟು ಲೆಕ್ಕ ಹಾಕಿದೆ. 122ಕ್ಕೆ 40 ಸೇರಿಸಿದರೆ 162.

ಬ್ರೂಕ್ಸ್ ಹೆಸರು ಕೇಳಿರುತ್ತೀರಿ. 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆಯ ಸರಂಜಾಮು, ತೊಗಲಿನ ಸಾಮಾನು ಮಾಡಲು ಶುರುವಾದ ಕಂಪನಿ. ಯಜಮಾನರ ಕುದುರೆ ಸತ್ತು, ಎರವಲು ಸೈಕಲ್ ಹತ್ತಿ, ಸೀಟು ಚುಚ್ಚಿ, ತಾವೇ ಒಂದು ಮಾಡಿದರು ಅಂತ ಕಥೆ. 1882ರಲ್ಲಿ ಪೇಟೆಂಟ್ ತೆಗೆದುಕೊಂಡರು. ನೋವೇ ಕಂಪನಿ ಕಟ್ಟಿಸಿತು ಅನ್ನಿ. ಅವರ ಬಿ17 ಅನ್ನುವ ಮಾದರಿ ನೂರು ವರ್ಷ ದಾಟಿ ಇವತ್ತಿಗೂ ಬರುತ್ತಿದೆ. ಅಗಲ ಸುಮಾರು 170 ಮಿಲಿಮೀಟರ್. ಅದರದೇ ಕಿರಿದು ಮಾದರಿ 150ರ ಆಸುಪಾಸು, ನನಗೆ ಆಗಲ್ಲ. ನೆಟ್ಟಗೆ ಕೂರುವವರಿಗೆ ಅಂತ ಬರುವ ಸ್ಪ್ರಿಂಗಿನ ಬಿ67 ಇನ್ನೂರರ ಮೇಲೆ. ಹೆಂಗಸರಿಗೆ ಸಾಮಾನ್ಯವಾಗಿ ಮೂಳೆಯ ಅಂತರ ಜಾಸ್ತಿ, ಅವರಿಗೆ ಮೂತಿ ಗಿಡ್ಡಗಿರುವ ಮಾದರಿಯೂ ಉಂಟು. ದನದ ಚರ್ಮ ಬೇಡ ಅನ್ನುವವರಿಗೆ ರಬ್ಬರು, ಹತ್ತಿ ಬಟ್ಟೆ ಸೇರಿಸಿ ಮಾಡಿದ್ದು ಸಿಗುತ್ತೆ. ಅದಕ್ಕೆ ಮಳೆಯ ಭಯವೂ ಕಮ್ಮಿ.

ಗೆಳೆಯರೊಬ್ಬರ ಹತ್ತಿರ ಬಿ17 ಇತ್ತು. ಕರೀಘಟ್ಟದ ಬುಡದಲ್ಲಿ ಸೈಕಲ್ ಬದಲಾಯಿಸಿಕೊಂಡು ಹತ್ತು ಕಿಲೋಮೀಟರ್ ಓಡಿಸಿದೆ. ಅವರ ತಗ್ಗು ಬೇರೆ, ನನ್ನ ಮೂಳೆ ಬೇರೆ. ಆದರೂ ಅಗಲ ಸರಿ ಅಂತ ಖಾತ್ರಿಯಾಯಿತು. ಸೆಕೆಂಡ್ ಹ್ಯಾಂಡ್ ಒಂದನ್ನೂ ನೋಡಿದ್ದೆ. ಮೇಲೆ ಹೊಳೆಯುತ್ತಿತ್ತು. ಮಗುಚಿ ನೋಡಿದರೆ ಹಿಂದಿನ ರಿವೆಟ್ಟುಗಳ ಸುತ್ತ ಬಿರುಕು, ಮೂತಿಯ ಒಳಗೆ ಚರ್ಮವನ್ನು ಎಳೆದಿಡುವ ಬಿಗಿ ಬೋಲ್ಟು ಪೂರ್ತಿ ತಿರುಗಿಸಿ ಮುಗಿದಿತ್ತು. ಮುಂದೆ ಬಿಗಿ ಮಾಡೋಕೆ ಜಾಗವೇ ಇಲ್ಲ. ಬೇಡ ಅಂದೆ. ಹೊಸದನ್ನೇ ತರಿಸಿದೆ. ಸೈಕಲ್ ಬೆಲೆಯಲ್ಲಿ ಮೂರರಲ್ಲಿ ಒಂದು ಪಾಲು. ಮನೆಯಲ್ಲಿ ಬೆಲೆ ಹೇಳಿದ್ದು ಎರಡು ತಿಂಗಳಾದ ಮೇಲೆ.

ಹೊಸ ಸೀಟು ಹಲಗೆ. ಉಗುರಿನಿಂದ ತಟ್ಟಿದರೆ ಟಕ್ ಅನ್ನುತ್ತೆ. ಫೋಮ್ ಸೀಟಿನ ಹಾಗೆ ಮಟ್ಟಸ ಕೂರಿಸಿದೆ, ಜಾರಿ ಜಾರಿ ಮುಂದಕ್ಕೆ ಬರುತ್ತಿದ್ದೆ, ಮಣಿಕಟ್ಟು ನೋವು. ಮೂತಿಯನ್ನು ಒಂದು ಕೂದಲೆಳೆ ಮೇಲಕ್ಕೆತ್ತಿದೆ. ಸರಿಹೋಯಿತು. ಎತ್ತರಕ್ಕೆ ಹಳೇ ಉಪಾಯ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಚರ್ಮ ಇಳಿದ ಹಾಗೆ ಎತ್ತರವೂ ಇಳಿಯುತ್ತೆ. ತಿಂಗಳಾದ ಮೇಲೆ ಪಿಲ್ಲರನ್ನು ಸ್ವಲ್ಪ ಎತ್ತಬೇಕಾಯಿತು.

ಎಣ್ಣೆ ಬಾಟಲಿ ಕಡೆ ನೋಡಲಿಲ್ಲ. ಜೇನುಮೇಣ, ಕೊಬ್ಬು ಸೇರಿಸಿದ ಪ್ರೂಫೈಡ್ ಅನ್ನುವ ಮುಲಾಮು ಬರುತ್ತೆ. ಕೆಳಗಡೆಯ ಹೊಳಪಿಲ್ಲದ ಮೈಗೆ ಒಂದು ಸಲ, ಮೇಲೆ ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಬಟ್ಟೆಯಲ್ಲಿ ಉಜ್ಜಿದೆ. ಆಮೇಲೆ ಕೂತು ತುಳಿಯುವುದೇ ಕೆಲಸ. ಮೊದಲ ನೂರು ಕಿಲೋಮೀಟರ್ ನೋವಿತ್ತು, ಸುಳ್ಳು ಹೇಳಲ್ಲ. ಆದರೆ ಮೂಳೆಯಲ್ಲಿ ಮಾತ್ರ, ಜೋಮು ಒಂದು ದಿನವೂ ಬರಲಿಲ್ಲ. ಆ ಎರಡು ನೋವಿನ ವ್ಯತ್ಯಾಸ ಗೊತ್ತಾಗಬೇಕು. ಮೂಳೆ ನೋವು ಕಾದರೆ ಹೋಗುತ್ತೆ, ಜೋಮು ಬಂದರೆ ಸೀಟೋ ಅದರ ಕೋನವೋ ತಪ್ಪು ಅಂತ ಅರ್ಥ. ನಾನೂರರ ಹೊತ್ತಿಗೆ ಚರ್ಮದಲ್ಲಿ ಎರಡು ಮಸುಕು ತಗ್ಗು ಕಾಣಿಸಿತು. ರಟ್ಟು ತಂದು ಹಿಡಿದೆ, ತಾಳೆಯಾಯಿತು. ಈ ಮಧ್ಯೆ ಕಂದು ಬಣ್ಣ ಬಿಟ್ಟು ನನ್ನ ಎರಡು ಪ್ಯಾಂಟ್ ಹಾಳಾದವು.

ಮಳೆ ಒಂದೇ ಶತ್ರು. ಅದೂ ಮೇಲಿನ ಮಳೆಗಿಂತ ಹಿಂದಿನ ಚಕ್ರ ಎರಚುವ ನೀರು, ಯಾಕಂದರೆ ಕೆಳಗಿನ ಚರ್ಮಕ್ಕೆ ಹೊಳಪಿನ ಕಾಪು ಇಲ್ಲ. ಮೊದಲು ಮಡ್‌ಗಾರ್ಡ್ ಹಾಕಿಸಿದೆ. ನಿಲ್ಲಿಸಿದಾಗ ಲಾಡ್ಜಿನಲ್ಲಿ ಸ್ನಾನಕ್ಕೆ ಕೊಡುವ ಪ್ಲಾಸ್ಟಿಕ್ ಟೋಪಿ. ನಗಬೇಡಿ, ಸರಿಯಾಗಿ ಕೂರುತ್ತೆ. ಒಂದು ಸಲ ಕೆಆರ್‌ಎಸ್ ರಸ್ತೆಯಲ್ಲಿ ಪೂರ್ತಿ ನೆನೆಯಿತು. ಮನೆ ಹತ್ತು ನಿಮಿಷದ ದಾರಿ, ಆದರೂ ಸೈಕಲ್ ತಳ್ಳಿಕೊಂಡೇ ಬಂದೆ. ಒದ್ದೆ ಚರ್ಮದ ಮೇಲೆ ಕೂತರೆ ಅದು ಹಿಗ್ಗಿ ಹಾಗೇ ನಿಂತುಬಿಡುತ್ತೆ. ನೆರಳಲ್ಲಿ ಎರಡು ದಿನ ಒಣಗಿಸಿದೆ. ಬಿಗಿ ಬೋಲ್ಟನ್ನು ಇಷ್ಟು ದಿನದಲ್ಲಿ ಮುಟ್ಟಿದ್ದು ಒಂದೇ ಸಲ, ಅದೂ ಕಾಲು ಸುತ್ತು.

ಅಪ್ಪನ ಸೀಟಿನ ಬೋಲ್ಟು ತುಕ್ಕು ಹಿಡಿದು ಅಲ್ಲಾಡುತ್ತಲೇ ಇರಲಿಲ್ಲ. ಊರ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಕೂರುತ್ತಾರೆ. ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಯಾರು ಇದ್ಕೆ ಎಣ್ಣೆ ಕುಡಿಸ್ದೋರು?" ಅಂದರು. ನಾನು ಸುಮ್ನೆ ನಿಂತೆ. ಎರಡೂ ಪಕ್ಕದ ಇಳಿಬಿದ್ದ ಅಂಚಿಗೆ ನಾಲ್ಕು ನಾಲ್ಕು ತೂತು ಹೊಡೆದರು. ಮೇಣ ಹಚ್ಚಿದ ದಾರವನ್ನು ಕೆಳಗಿನಿಂದ ಶೂ ಲೇಸಿನ ಹಾಗೆ ಆಚೆ ಈಚೆ ಎಳೆದು, ಮೊಣಕಾಲಲ್ಲಿ ಅದುಮಿ ಹಿಡಿದು ಗಂಟು ಹಾಕಿದರು. ಅಂಚು ಒಳಕ್ಕೆ ಬಂತು, ನಡು ಮೇಲಕ್ಕೆದ್ದಿತು.

ಮಾರನೇ ದಿನ ಬೆಳಗ್ಗೆ ಅಪ್ಪ ಹಾಲಿನ ಕ್ಯಾನು ನೇತುಹಾಕಿಕೊಂಡು ಡೈರಿಗೆ ಹೊರಟರು. ವಾಪಸ್ ಬಂದು ಸೈಕಲ್ ಒರಗಿಸಿದ ಮೇಲೆ ಕೇಳಿದೆ, ಹೇಗಿದೆ ಅಂತ.

"ಎಡಗಡೆ ವಸಿ ಜಾಸ್ತಿ ಎಳ್ದವ್ನೆ. ಆಯ್ತದೆ ಬುಡು, ಕುಂತ್ ಕುಂತ್ ಸರಿ ಮಾಡ್ಕತೀನಿ. ನೀ ಮಾತ್ರ ಎಣ್ಣೆ ಹಚ್ಬ್ಯಾಡ."