ಮೂವತ್ತು–ನಲವತ್ತರ ನಿವೇಶನದಲ್ಲೊಂದು ಇಂಗುಬಾವಿ

ಬೆಂಗಳೂರಿನ ಉತ್ತರ ಭಾಗದ ವಿದ್ಯಾರಣ್ಯಪುರದಲ್ಲಿ ನಮ್ಮದು 30×40 ಅಡಿ ನಿವೇಶನದ ಹಳೆಯ ಮನೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿದಾಗ ಇಂಥ ಹಳೆಯ ಸಣ್ಣ ಮನೆಗಳು ಅದರ ವ್ಯಾಪ್ತಿಗೆ ಬರದಿದ್ದುದರಿಂದ ನಾನೂ ನಿಶ್ಚಿಂತನಾಗಿದ್ದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬರೀ ಗಾಳಿ ಉಗುಳತೊಡಗಿ, ಒಂದು ಟ್ಯಾಂಕರ್‌ಗೆ ಮೂರು ದಿನ ಕಾಯಬೇಕಾಗಿ ಬಂದ ಮೇಲೆ, ಮಳೆನೀರನ್ನು ಹಿಡಿದಿಟ್ಟು ಮಿಕ್ಕಿದ್ದನ್ನು ನೆಲಕ್ಕೆ ಇಂಗಿಸುವ ಬಾವಿ ತೋಡಿಸುವ ಕೆಲಸಕ್ಕೆ ಕೈಹಾಕಿದೆ.

ಮೊದಲು ಮಾಡಿದ್ದು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ 900 ಚದರ ಅಡಿ, ಅಂದರೆ ಸುಮಾರು 84 ಚದರ ಮೀಟರ್. 20 ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ 1,600 ಲೀಟರಿಗೂ ಹೆಚ್ಚು ನೀರು ಇಳಿಕೊಳವೆಯ ಮೂಲಕ ಬೀದಿ ಚರಂಡಿ ಸೇರುತ್ತಿತ್ತು. ಎರಡನೆಯದಾಗಿ, ತಾರಸಿಯ ಮೇಲೆ ಒಂದು ಬಕೆಟ್ ನೀರು ಸುರಿದು ನಿಂತೆ. ಅರ್ಧ ನೀರು ಕೊಳವೆಯತ್ತ ಹೋಗದೆ ವಾಯವ್ಯ ಮೂಲೆಯಲ್ಲಿ ಮಡುಗಟ್ಟಿತು. ಬಾವಿಗಿಂತ ಮುಂಚೆ ಆ ಇಳಿಜಾರನ್ನು ಗಾರೆ ಹಾಕಿಸಿ ಸರಿಪಡಿಸಬೇಕಾಯಿತು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ತಾರಸಿಯ ನೀರು ಜಲ್ಲಿ, ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿಯುವಂತೆಯೂ, ಸಂಪು ತುಂಬಿ ಉಕ್ಕಿದ್ದು ಇಂಗುಬಾವಿಗೆ ಹೋಗುವಂತೆಯೂ ಪೈಪು ಜೋಡಿಸಿದೆವು. ಬಾವಿಯನ್ನು ಗೇಟಿನ ಪಕ್ಕದ ಮೂಲೆಯಲ್ಲಿ, ಪಾಯದಿಂದ ಆದಷ್ಟು ದೂರದಲ್ಲಿ ಗುರುತು ಹಾಕಿಸಿದೆ. ಅದನ್ನು ತೋಡಿದವರು ಇದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ಮಣ್ಣುವಡ್ಡರು. ಮೂರಡಿ ಅಗಲದ ಆ ಗುಂಡಿಯೊಳಗೆ ಒಬ್ಬ ಕುಕ್ಕರಗಾಲಿನಲ್ಲಿ ಕೂತು ಗಿಡ್ಡ ಹಿಡಿಯ ಗುದ್ದಲಿಯಲ್ಲಿ ಅಗೆಯುತ್ತಿದ್ದರೆ, ಮೇಲಿನವನು ಹಗ್ಗದಲ್ಲಿ ಮಣ್ಣಿನ ಪುಟ್ಟಿ ಎಳೆಯುತ್ತಿದ್ದ. ಕೆಮ್ಮಣ್ಣು ಮುಗಿದು ಗರಸು ಬಂತು. 20 ಅಡಿಗೆ ನಿಲ್ಲಿಸಿದರು. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಸಂದುಗಳಿಗೆ ಗಾರೆ ಮೆತ್ತದೆ, ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಿದರು. ತಳಕ್ಕೆ ಕಾಂಕ್ರೀಟ್ ಹಾಕಬಾರದು; ಹಾಕಿದರೆ ಅದು ಬಾವಿಯಲ್ಲ, ಇನ್ನೊಂದು ಸಂಪು.

ಪಕ್ಕದ ಮನೆಯ ಅಜ್ಜಿಗೆ ಮಾತ್ರ ಆತಂಕ. “ನಮ್ ಪಾಯಕ್ಕೆ ನೀರು ನುಗ್ಗಲ್ವೇನಪ್ಪಾ?” ಎಂದು ದಿನವೂ ಕಾಂಪೌಂಡಿನಾಚೆಯಿಂದ ಕೇಳುತ್ತಿದ್ದರು. ಅಡಿಪಾಯಕ್ಕಿಂತ ಬಹಳ ಕೆಳಗೆ ನೀರು ಇಂಗುತ್ತದೆ ಎಂದು ವಿವರಿಸಿದರೂ ನಂಬಿದಂತೆ ಕಾಣಲಿಲ್ಲ.

ಮರುವರ್ಷದ ಏಪ್ರಿಲಿನಲ್ಲಿ ನಾನು ಎಣಿಸದ ತೊಂದರೆಯೊಂದು ಎದುರಾಯಿತು. ಬೀದಿಯ ಹೊಂಗೆಮರ ಆಗ ತಾರಸಿಯ ತುಂಬ ಮಂಡಕ್ಕಿ ಚೆಲ್ಲಿದಂತೆ ಹೂ ಉದುರಿಸುತ್ತದೆ. ಮುಂಗಾರುಪೂರ್ವದ ಮೊದಲ ಮಳೆಗೆ ಆ ಹೂವೆಲ್ಲ ಕೊಚ್ಚಿಬಂದು ಜಾಲರಿಗೆ ಮೆತ್ತಿಕೊಂಡು, ಡ್ರಮ್ಮು ಉಕ್ಕಿ, ನೀರು ನೇರವಾಗಿ ಅಜ್ಜಿಯ ಮನೆಯ ಮುಂದೆಯೇ ನಿಂತಿತು. ಅಂದಿನಿಂದ ಇಳಿಕೊಳವೆಯ ಬುಡದಲ್ಲಿ ಒಂದು ತಿರುಪು ಮುಚ್ಚಳ ಇಡಿಸಿದ್ದೇನೆ. ಮೊದಲ ಹತ್ತು ನಿಮಿಷ ಅದನ್ನು ತೆರೆದಿಟ್ಟು, ತಾರಸಿಯ ದೂಳು, ಹೂವು, ಹಕ್ಕಿಹಿಕ್ಕೆಯನ್ನೆಲ್ಲ ಹೊರಗೆ ಹರಿಯಬಿಟ್ಟು, ಆಮೇಲೆ ಬಿಗಿಯುತ್ತೇನೆ.

ಬೋರ್‌ವೆಲ್‌ನಲ್ಲಿ ನೀರು ಹೆಚ್ಚಿತೇ ಎಂದು ಹಲವರು ಕೇಳುತ್ತಾರೆ. ನೂರಾರು ಅಡಿ ಆಳದ ಕೊಳವೆಯನ್ನು ಒಂದು ಮನೆಯ ಇಂಗುಬಾವಿ ತುಂಬಿಸೀತೆಂದು ನಾನು ಹೇಳಲಾರೆ. ಬೀದಿಯ ಹತ್ತಾರು ಮನೆಗಳು ತೋಡಿದರೆ ಆ ಮಾತು ಬೇರೆ. ಸದ್ಯಕ್ಕೆ ಮಳೆಗಾಲದಲ್ಲಿ ಟ್ಯಾಂಕರ್ ಕರೆಸುವುದು ನಿಂತಿದೆ, ಗೇಟಿನ ಮುಂದೆ ನೀರು ನಿಲ್ಲುವುದೂ ಕಡಿಮೆಯಾಗಿದೆ. ಮೋಡ ಕವಿದರೆ ಅಜ್ಜಿಯೇ ಕೂಗುತ್ತಾರೆ: “ಮುಚ್ಚಳ ತೆಗೆದ್ಯೇನಪ್ಪಾ?”