ಸರಣಿಯೊಳಗೆ ನಿರ್ದೇಶಕನ ಕೈಗುರುತು: ನೀಲ್ ಮಾರ್ಷಲ್ ಅವರ ಎರಡು ‘ಗೇಮ್ ಆಫ್ ಥ್ರೋನ್ಸ್’ ಕಂತುಗಳನ್ನು ನೋಡುವ ಬಗೆ

ಸಿನಿಮಾದಲ್ಲಿ ಮೆಚ್ಚಿನ ನಿರ್ದೇಶಕನನ್ನು ಗುರುತಿಸಿದಷ್ಟು ಸುಲಭವಾಗಿ ಕಿರುತೆರೆಯ ಸರಣಿಯಲ್ಲಿ ಗುರುತಿಸಲಾಗುವುದಿಲ್ಲ. ಆತ ಬರುವ ಹೊತ್ತಿಗೆ ಪಾತ್ರಧಾರಿಗಳು, ಉಡುಪು, ಕೋಟೆಗಳ ಬಣ್ಣ, ಸಂಗೀತದ ಧಾಟಿ ಎಲ್ಲವೂ ನಿರ್ಧಾರವಾಗಿರುತ್ತವೆ. ಕಥೆ ಯಾರ ಕೈಯಲ್ಲಿದೆಯೋ ಅವರ ಮಾತೇ ಅಲ್ಲಿ ಕೊನೆಯ ಮಾತು. 2011ರಿಂದ 2019ರವರೆಗೆ ಎಂಟು ಸೀಸನ್‌ಗಳಲ್ಲಿ ಪ್ರಸಾರವಾದ ‘ಗೇಮ್ ಆಫ್ ಥ್ರೋನ್ಸ್’ನ 73 ಕಂತುಗಳನ್ನು ಹಲವು ನಿರ್ದೇಶಕರು ಹಂಚಿಕೊಂಡಿದ್ದಾರೆ. ಅವುಗಳಲ್ಲಿ ಬ್ರಿಟಿಷ್ ಸಿನಿಮಾ ನಿರ್ದೇಶಕ ನೀಲ್ ಮಾರ್ಷಲ್ ಅವರದು ಎರಡೇ: 2012ರ ‘ಬ್ಲ್ಯಾಕ್‌ವಾಟರ್’ ಮತ್ತು 2014ರ ‘ದ ವಾಚರ್ಸ್ ಆನ್ ದ ವಾಲ್’. ಇಡೀ ಸರಣಿಯಲ್ಲಿ ನಾನು ಅತಿ ಹೆಚ್ಚು ಬಾರಿ ನೋಡಿರುವುದು ಈ ಎರಡನ್ನೇ. ಮಾರ್ಷಲ್ ಅವರ ಸಿನಿಮಾಗಳನ್ನು ಬಲ್ಲವರಿಗೆ ಇವು ಬೇರೆಯಾಗಿಯೇ ಕಾಣುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಆ ನೋಟವನ್ನು ಪಡೆಯುವ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ. ಕಥೆಯ ಕೆಲವು ತಿರುವುಗಳು ಪ್ರಸ್ತಾಪವಾಗುವುದರಿಂದ, ಸರಣಿಯನ್ನು ಇನ್ನೂ ನೋಡದವರು ನಾಲ್ಕನೆಯ ಸೀಸನ್ ಮುಗಿಸಿ ಮುಂದಕ್ಕೆ ಓದುವುದು ಒಳ್ಳೆಯದು.

ಮೊದಲು ಸಿನಿಮಾಗಳಿಂದ ಆರಂಭಿಸಬೇಕು. ಸ್ಕಾಟ್ಲೆಂಡಿನ ಕಾಡಿನ ಮನೆಯೊಂದರಲ್ಲಿ ಸಿಕ್ಕಿಬಿದ್ದ ಸೈನಿಕರ ಗುಂಪು ತೋಳಮಾನವರನ್ನು ಎದುರಿಸುವ ‘ಡಾಗ್ ಸೋಲ್ಜರ್ಸ್’ (2002), ಗುಹೆಯೊಳಗೆ ಸಿಲುಕಿದ ಆರು ಮಹಿಳೆಯರ ‘ದ ಡಿಸೆಂಟ್’ (2005), ‘ಡೂಮ್ಸ್‌ಡೇ’ (2008), ‘ಸೆಂಚುರಿಯನ್’ (2010), ಈ ನಾಲ್ಕನ್ನು ಬಂದ ಕ್ರಮದಲ್ಲೇ ನೋಡಿದರೆ ಒಳಿತು. ಒಂದಕ್ಕೆ ಮಾತ್ರ ಬಿಡುವಿದ್ದರೆ ಯೋಚಿಸದೆ ‘ದ ಡಿಸೆಂಟ್’ ಆರಿಸಿಕೊಳ್ಳಿ. ಅದರ ಗುಹೆಗಳು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್‌ಗಳು ಎಂಬುದು ನೋಡುವಾಗ ನೆನಪಿಗೇ ಬರುವುದಿಲ್ಲ. ಕಾರಣ, ಅಲ್ಲಿ ಬೆಳಕೆಂಬುದು ಪಾತ್ರಗಳು ಹೊತ್ತುಕೊಂಡು ಬಂದದ್ದು ಮಾತ್ರ ಎಂಬ ಭಾವನೆಯನ್ನು ಆ ಚಿತ್ರ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ: ತಲೆಯ ಮೇಲಿನ ದೀಪ, ಕೆಂಪಗೆ ಉರಿಯುವ ಫ್ಲೇರ್, ಹಸಿರು ಬೆಳಕಿನ ಕಡ್ಡಿ, ಪಂಜು. ಯಾವ ಬೆಳಕು ಯಾರ ಕೈಯಲ್ಲಿದೆ, ಅದು ಆರಿದರೆ ಯಾರು ಕಾಣದಂತಾಗುತ್ತಾರೆ ಎಂಬುದರ ಮೇಲೆಯೇ ಭಯ ನಿಂತಿದೆ. ನೋಡುತ್ತಾ ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆಯೇ.

ಈಗ ಸರಣಿಗೆ ಬನ್ನಿ. ನೇರವಾಗಿ ಎರಡನೆಯ ಸೀಸನ್‌ನ ಒಂಬತ್ತನೆಯ ಕಂತಿಗೆ ಹಾರಬಾರದು. ಅದಕ್ಕೆ ಮುಂಚಿನ ಎರಡು ಮೂರು ಕಂತುಗಳನ್ನಾದರೂ ನೋಡಿಕೊಂಡು ಬರಬೇಕು. ಆ ಕಂತುಗಳಲ್ಲಿ ಕಥೆ ಒಂದು ರಾಜ್ಯದಿಂದ ಇನ್ನೊಂದಕ್ಕೆ, ಹಿಮದಿಂದ ಮರಳುಗಾಡಿಗೆ ಜಿಗಿಯುತ್ತಲೇ ಇರುತ್ತದೆ. ‘ಬ್ಲ್ಯಾಕ್‌ವಾಟರ್’ ಆ ಜಿಗಿತವನ್ನು ಒಮ್ಮೆಲೇ ನಿಲ್ಲಿಸುತ್ತದೆ. ಕಂತು ಪೂರ್ತಿ ಕಿಂಗ್ಸ್ ಲ್ಯಾಂಡಿಂಗ್ ನಗರ ಮತ್ತು ಅದರ ಮುಂದಿನ ಕೊಲ್ಲಿಯಲ್ಲೇ ನಡೆಯುತ್ತದೆ. ಸರಣಿಯಲ್ಲಿ ಹೀಗೆ ಒಂದೇ ಸ್ಥಳಕ್ಕೆ ಕಟ್ಟುಬಿದ್ದ ಮೊದಲ ಕಂತು ಅದು. ಹಾಗೆ ಕಟ್ಟುವ ನಿರ್ಧಾರ ಚಿತ್ರಕಥೆಯದೇ, ಮತ್ತು ಅದನ್ನು ಬರೆದವರು ಮೂಲ ಕಾದಂಬರಿಗಳ ಕರ್ತೃ ಜಾರ್ಜ್ ಆರ್. ಆರ್. ಮಾರ್ಟಿನ್ ಅವರೇ, ಅಭಿಮಾನದ ಭರದಲ್ಲಿ ಆ ಶ್ರೇಯಸ್ಸನ್ನು ಮಾರ್ಷಲ್ ಅವರಿಗೆ ಕೊಡುವುದು ತಪ್ಪು. ನಿಗದಿಯಾಗಿದ್ದ ನಿರ್ದೇಶಕರು ಹಿಂದೆ ಸರಿಯಬೇಕಾಗಿ ಬಂದದ್ದರಿಂದ, ಚಿತ್ರೀಕರಣಕ್ಕೆ ಸುಮಾರು ಒಂದು ವಾರವಷ್ಟೇ ಉಳಿದಿದ್ದಾಗ ಮಾರ್ಷಲ್ ಅವರಿಗೆ ಕರೆ ಹೋಗಿತ್ತು. ಅಷ್ಟು ಕಡಿಮೆ ಅವಧಿಯಲ್ಲಿ ಬಂದವರು, ಸುತ್ತುವರಿಯಲ್ಪಟ್ಟವರ ಕಥೆಯನ್ನು ಹೇಳುವುದರಲ್ಲಿ ಅದಾಗಲೇ ಪಳಗಿದವರಾಗಿದ್ದದ್ದು ಸರಣಿಯ ಭಾಗ್ಯವೆಂದೇ ಹೇಳಬೇಕು. ಅವರ ಜೊತೆಗೆ ಬಂದ ಛಾಯಾಗ್ರಾಹಕ ಸ್ಯಾಮ್ ಮೆಕರ್ಡಿ ಅವರು ‘ದ ಡಿಸೆಂಟ್’ನ ಕತ್ತಲೆಯನ್ನು ಚಿತ್ರಿಸಿದವರು.

ಮೊದಲ ಬಾರಿ ಎಲ್ಲಿಯೂ ನಿಲ್ಲಿಸದೆ ನೋಡಿ. ಎರಡನೆಯ ಬಾರಿ ಕಾಗದ, ಪೆನ್ಸಿಲ್ ಹಿಡಿದು ಕುಳಿತು, ನಗರದ ನಕ್ಷೆಯೊಂದನ್ನು ಬರೆಯುತ್ತಾ ಹೋಗಿ: ಕೊಲ್ಲಿ ಎಲ್ಲಿದೆ, ಮಡ್ ಗೇಟ್ ಎಲ್ಲಿದೆ, ಟಿರಿಯನ್ ಗೋಡೆಯ ಮೇಲೆ ಎಲ್ಲಿ ನಿಂತಿದ್ದಾನೆ, ಸೆರ್ಸಿ ಮತ್ತು ಸಾನ್ಸಾ ಇರುವ ಒಳಕೋಟೆ ಯಾವ ಕಡೆಗಿದೆ. ನಿಮ್ಮ ನಕ್ಷೆ ತೊಡಕಿಲ್ಲದೆ ಮೂಡಿದರೆ ಅದು ನಿರ್ದೇಶಕನ ಗೆಲುವು. ಯುದ್ಧದ ದೃಶ್ಯಗಳಲ್ಲಿ ಯಾರು ಯಾವ ದಿಕ್ಕಿನಿಂದ ಬರುತ್ತಿದ್ದಾರೆ ಎಂಬುದೇ ಮಸುಕಾಗಿ, ಬರಿಯ ಕತ್ತಿಗಳ ಮಿಂಚು ಉಳಿಯುವುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. ಇಲ್ಲಿ ರಾತ್ರಿಯ ಯುದ್ಧವಾದರೂ ದಿಕ್ಕು ತಪ್ಪುವುದಿಲ್ಲ.

ಅದೇ ನೋಟದಲ್ಲಿ ಬೆಳಕನ್ನೂ ಗಮನಿಸಿ. ಮೊದಲರ್ಧದ ಇರುಳಿನಲ್ಲಿ ಪಂಜು, ಲಾಂದ್ರ, ಒಲೆಯ ಉರಿ ಇಷ್ಟೇ. ಆಮೇಲೆ ಒಂದೇ ಒಂದು ಖಾಲಿ ಹಡಗು ತೇಲಿ ಬರುತ್ತದೆ, ಒಂದೇ ಒಂದು ಉರಿಬಾಣ ಹಾರುತ್ತದೆ, ಕೊಲ್ಲಿಗೆ ಕೊಲ್ಲಿಯೇ ಹಸಿರಾಗಿ ಸಿಡಿಯುತ್ತದೆ. ಆ ಸ್ಫೋಟದ ಮುಂಚಿನ ಮೌನವನ್ನು ಮತ್ತೆ ಮತ್ತೆ ನೋಡಬೇಕು. ನನ್ನ ದೃಷ್ಟಿಯಲ್ಲಿ ಕಂತಿನ ಹೃದಯ ಆ ಕಾಯುವಿಕೆಯಲ್ಲಿದೆಯೇ ಹೊರತು ಸ್ಫೋಟದಲ್ಲಿಲ್ಲ. ಬಾಣ ಬಿಲ್ಲನ್ನು ಬಿಟ್ಟ ಮೇಲೂ ಕ್ಯಾಮೆರಾ ಮುಖಗಳನ್ನು ಹುಡುಕುತ್ತದೆ, ಅವಸರಪಡುವುದಿಲ್ಲ. ಬಳಿಕ ಹಸಿರು ಬೆಂಕಿ ಕಿತ್ತಳೆಯಾಗಿ, ನಗರದ ಗೋಡೆಯ ಬುಡಕ್ಕೆ ಬಂದು, ಬೆಂಕಿಗೆ ಹೆದರುವ ಹೌಂಡ್‌ನ ಕಣ್ಣಿಗೆ ಬೀಳುತ್ತದೆ; ಬೆಳಕು ಆಗ ಆ ಮನುಷ್ಯನ ಭಯವೇ ಆಗಿಬಿಡುತ್ತದೆ. ಕಾದಂಬರಿಯಲ್ಲಿ ಶತ್ರುವಿನ ಹಡಗುಗಳನ್ನು ಬಂಧಿಸಲು ಟಿರಿಯನ್ ಹಾಕಿಸುವ ದೊಡ್ಡ ಸರಪಳಿ ಇಲ್ಲಿಲ್ಲ. ಓದುಗರಲ್ಲಿ ಕೆಲವರು ಅದಕ್ಕಾಗಿ ಕೊರಗುವುದುಂಟು. ಹಡಗು ಒಂದೇ ಆದದ್ದರಿಂದ ನೋಟ ಒಂದೇ ಕಡೆ ನಿಂತಿತು ಎಂದು ನನಗೆ ಅನ್ನಿಸುತ್ತದೆ.

ಮೂರನೆಯ ಬಾರಿ, ಕೊನೆಯ ಹದಿನೈದು ನಿಮಿಷಗಳನ್ನು ಧ್ವನಿಯಿಲ್ಲದೆ ನೋಡಿ. ರಾಮಿನ್ ಜವಾದಿ ಅವರ ಸಂಗೀತ ನಮ್ಮ ಭಾವನೆಗಳನ್ನು ಎಷ್ಟು ಬಲವಾಗಿ ಕೈಹಿಡಿದು ನಡೆಸುತ್ತದೆಂದರೆ, ಅದನ್ನು ಬದಿಗಿಟ್ಟಾಗಲೇ ದೃಶ್ಯಗಳ ಜೋಡಣೆ ಸ್ಪಷ್ಟವಾಗಿ ಕಾಣುವುದು: ಹೊರಗಿನ ಗದ್ದಲದಿಂದ ಒಳಗಿನ ಹೆಂಗಸರ ನಿಶ್ಚಲ ಕೋಣೆಗೆ, ಅಲ್ಲಿಂದ ಮತ್ತೆ ಹೊರಕ್ಕೆ.

‘ದ ವಾಚರ್ಸ್ ಆನ್ ದ ವಾಲ್’ಗೆ ನಕ್ಷೆ ಸಾಲದು, ಕಟ್ಟಡವೊಂದನ್ನು ಸೀಳಿ ತೋರಿಸುವಂಥ ಅಡ್ಡಕೊಯ್ತದ ಚಿತ್ರ ಬೇಕು. ಮೇಲೆ 700 ಅಡಿ ಎತ್ತರದ ಹಿಮದ ಗೋಡೆಯ ನೆತ್ತಿ, ಕೆಳಗೆ ಕ್ಯಾಸಲ್ ಬ್ಲ್ಯಾಕ್‌ನ ಅಂಗಳ, ಗೋಡೆಯನ್ನು ಕೊರೆದ ಸುರಂಗ, ಇವುಗಳನ್ನು ಬೆಸೆಯುವ ಲಿಫ್ಟ್. ಉತ್ತರದಿಂದ ದೈತ್ಯರು, ದಕ್ಷಿಣದಿಂದ ಟಾರ್ಮಂಡ್ ಮತ್ತು ಯಿಗ್ರಿಟ್ ಅವರ ಗುಂಪು, ಹೀಗೆ ದಾಳಿ ಎರಡೂ ಕಡೆಯಿಂದ. ಕ್ಯಾಮೆರಾ ಎಲ್ಲಿಯೂ ಕತ್ತರಿಸದೆ ಅಂಗಳವನ್ನು ಸುತ್ತು ಬರುವ ಪ್ರಸಿದ್ಧ ಶಾಟ್ ಇರುವುದು ಈ ಕಂತಿನಲ್ಲೇ. ಅದನ್ನು ಚಮತ್ಕಾರವೆಂದು ಮೆಚ್ಚಿ ಮುಂದೆ ಹೋಗಬೇಡಿ. ಶಾಟ್ ಮುಗಿದ ಕೂಡಲೇ ನಿಲ್ಲಿಸಿ, ಯಾರು ಯಾರಿಂದ ಎಷ್ಟು ದೂರದಲ್ಲಿದ್ದಾರೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ನಿಮಗೆ ಗೊತ್ತಿರುತ್ತದೆ, ಮತ್ತು ಸ್ವಲ್ಪ ಹೊತ್ತಿನಲ್ಲೇ ಆ ದೂರಗಳ ಮೇಲೆ ಜೀವಗಳು ನಿಲ್ಲುತ್ತವೆ. ಈ ಕಂತು ಮಾರ್ಷಲ್ ಅವರಿಗೆ ನಿರ್ದೇಶನಕ್ಕಾಗಿ ಅಮೆರಿಕದ ಕಿರುತೆರೆ ಪ್ರಶಸ್ತಿಯಾದ ಎಮ್ಮಿಯ ನಾಮನಿರ್ದೇಶನ ತಂದಿತು. ಆರಂಭದ ಮಾತುಕತೆಗಳು ತುಸು ಎಳೆದಾಡಿದಂತೆ ಅನ್ನಿಸುವುದು ನಿಜ. ‘ಬ್ಲ್ಯಾಕ್‌ವಾಟರ್’ನ ಸಂಭಾಷಣೆಯ ಹರಿತ ಇಲ್ಲಿಲ್ಲ.

ಗೋಡೆಯ ವಿಷಯ ಬಂದಾಗ ಒಂದು ಎಳೆಯನ್ನು ಹಿಡಿದು ಹಿಂದಕ್ಕೆ ಹೋಗಿ. ಮಾರ್ಷಲ್ ಹುಟ್ಟಿದ್ದು 1970ರಲ್ಲಿ ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ರೋಮನ್ನರು ಕಟ್ಟಿಸಿದ ಹೇಡ್ರಿಯನ್ ಗಡಿಗೋಡೆ ಸಾಗಿದ ಸೀಮೆಯಲ್ಲಿ. ‘ಡೂಮ್ಸ್‌ಡೇ’ಯಲ್ಲಿ ರೋಗಪೀಡಿತ ಸ್ಕಾಟ್ಲೆಂಡನ್ನು ಒಂದು ಗೋಡೆ ಬೇರ್ಪಡಿಸುತ್ತದೆ, ‘ಸೆಂಚುರಿಯನ್’ನಲ್ಲಿ ರೋಮನ್ ಸೈನಿಕರು ಉತ್ತರದ ಪಿಕ್ಟ್ ಜನರಿಂದ ತಪ್ಪಿಸಿಕೊಂಡು ಓಡುತ್ತಾರೆ. ಮಾರ್ಟಿನ್ ಅವರಿಗೂ ತಮ್ಮ ಹಿಮಗೋಡೆಯ ಕಲ್ಪನೆ ಹೊಳೆದದ್ದು 1981ರಲ್ಲಿ ಅದೇ ಹೇಡ್ರಿಯನ್ ಗೋಡೆಯ ಮೇಲೆ ನಿಂತಾಗ. ಒಂದೇ ಕಲ್ಲಿನ ಸಾಲಿನಿಂದ ಹೊರಟ ಎರಡು ಕಲ್ಪನೆಗಳು ಈ ಕಂತಿನಲ್ಲಿ ಸಂಧಿಸಿವೆ ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದ್ದರಿಂದ ‘ಸೆಂಚುರಿಯನ್’ ಮತ್ತು ಈ ಕಂತನ್ನು ಒಂದೇ ಸಂಜೆ, ಒಂದರ ಬೆನ್ನಿಗೆ ಒಂದರಂತೆ ನೋಡುವಂತೆ ಒತ್ತಾಯಿಸುತ್ತೇನೆ.

ಹೋಲಿಕೆಯಿಲ್ಲದೆ ಮೆಚ್ಚುಗೆ ಗಟ್ಟಿಯಾಗದು. ಇದೇ ಸರಣಿಯಲ್ಲಿ ಮಿಗೆಲ್ ಸಪೊಚ್ನಿಕ್ ನಿರ್ದೇಶಿಸಿದ ‘ಬ್ಯಾಟಲ್ ಆಫ್ ದ ಬಾಸ್ಟರ್ಡ್ಸ್’ (2016) ಕಂತನ್ನು ನೋಡಿ: ಅಲ್ಲಿ ನಾವು ಜಾನ್ ಸ್ನೋನ ಜೊತೆಗೆ ಮಣ್ಣಿನಲ್ಲಿ, ಹೆಣಗಳ ನಡುವೆ ಉಸಿರುಗಟ್ಟುತ್ತೇವೆ, ದಿಕ್ಕು ತಪ್ಪುವುದೇ ಆ ದೃಶ್ಯದ ಉದ್ದೇಶ. ಅದೂ ಶ್ರೇಷ್ಠ ಕೆಲಸವೇ, ಎಮ್ಮಿ ಗೆದ್ದದ್ದು. ಮಾರ್ಷಲ್ ಅವರ ಒಲವು ಬೇರೆ. ಕೋಣೆಯ ಬಾಗಿಲು ಎಲ್ಲಿದೆ ಎಂದು ಅವರು ಮೊದಲೇ ತೋರಿಸುತ್ತಾರೆ, ಆಮೇಲೆ ಅದನ್ನು ಯಾರೋ ಹೊರಗಿನಿಂದ ತಟ್ಟುವಂತೆ ಮಾಡುತ್ತಾರೆ.

ಇಷ್ಟಾದ ಮೇಲೆ ‘ವಾಚರ್ಸ್’ ಕಂತಿನ ಕೊನೆಯ ಎರಡು ನಿಮಿಷಗಳಿಗೆ ಮರಳಿ. ಜಾನ್ ತನ್ನ ಕತ್ತಿಯನ್ನು ಸ್ಯಾಮ್‌ನ ಕೈಗೆ ಕೊಟ್ಟು, ಕತ್ತಲೆಯ ಸುರಂಗದ ಬಾಗಿಲು ಮೇಲೇಳುತ್ತಿದ್ದಂತೆ, ಹೊರಗಿನ ಬಿಳಿ ಬೆಳಕಿನೊಳಕ್ಕೆ ಒಬ್ಬನೇ ನಡೆಯುತ್ತಾನೆ. ಆ ಬೆಳಕು ಕಣ್ಣಲ್ಲಿರುವಾಗಲೇ ‘ದ ಡಿಸೆಂಟ್’ನ ಅಂತ್ಯವನ್ನು ಮತ್ತೊಮ್ಮೆ ಹಾಕಿ ನೋಡಿ.